ಹಳೆ ಪಾನಾ ಮೇಲೆ ಬಂದೂಕಿನ ಗುರುತು: ಅದನ್ನು ಮಾಡಿದವರು ಯಾರು ಅಂತ ಪತ್ತೆ ಹಚ್ಚುವುದು ಹೇಗೆ?

"ಅಜ್ಜನ ಪೆಟ್ಟಿಗೆಯಲ್ಲಿ ಒಂದು ಹಳೆ ಪಾನಾ ಸಿಕ್ಕಿದೆ. ಮೇಲೆ ಮೂರು ಬಂದೂಕು ನಿಲ್ಲಿಸಿದ ಚಿತ್ರ ಇದೆ. ಏನಿದು, ಮಿಲಿಟರಿಯದಾ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಒಬ್ಬರದು ಕಲಬುರಗಿ, ಇನ್ನೊಬ್ಬರದು ಶಹಾಬಾದ್, ಮತ್ತೊಬ್ಬರದು ಬೀದರ್ ಕಡೆಯ ಹಳ್ಳಿ. ಫೋಟೋ ಬೇರೆ ಬೇರೆ, ಕೇಳುವುದು ಒಂದೇ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಇಲ್ಲಿ ಪಾನಾ ಅಂದರೆ ನಟ್ಟು ಬೋಲ್ಟು ತಿರುಗಿಸುವ, ಬಾಯಿ ಹಿಗ್ಗಿಸಿ ಕುಗ್ಗಿಸಬಹುದಾದ ಸ್ಪ್ಯಾನರ್. ಕೆಲವರು ಇದಕ್ಕೆ ಸ್ಕ್ರೂ ಪಾನಾ ಅನ್ನುತ್ತಾರೆ, ಕೆಲವರು ಸ್ಲೈಡ್ ರಿಂಚ್ ಅನ್ನುತ್ತಾರೆ. ಇದರಲ್ಲಿ ಒಂದು ಬಾಯಿ ಹಿಡಿಗೆ ಅಂಟಿಕೊಂಡೇ ಇರುತ್ತದೆ. ಅದನ್ನು ಗಟ್ಟಿ ಬಾಯಿ ಅನ್ನೋಣ. ಇನ್ನೊಂದು ಓಡಾಡುವ ಬಾಯಿ. ಅದನ್ನು ಸರಿಸಲು ಬೆರಳಲ್ಲಿ ತಿರುಗಿಸುವ ಗೀರು ಗೀರಿನ ಗುಂಡಿ ಇರುತ್ತದೆ. ಅದೇ ರೋಲರ್.

ಬಂದೂಕು ಮಾಡುವವರು ಪಾನಾ ಯಾಕೆ ಮಾಡಿದರು?

ಇದು ಗೊತ್ತಾದರೆ ಮುಂದಿನ ಕೆಲಸ ಅರ್ಧ ಹಗುರ. ಬಂದೂಕಿನ ಭಾಗಗಳು ಒಂದಕ್ಕೊಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗದೆ ಕೂರಬೇಕು. ಅದಕ್ಕಾಗಿ ಹತ್ತೊಂಬತ್ತನೇ ಶತಮಾನದ ಬಂದೂಕು ಕಾರ್ಖಾನೆಗಳು ಡ್ರಾಪ್ ಫೋರ್ಜಿಂಗ್ ವಿಧಾನವನ್ನು ಚೆನ್ನಾಗಿ ಪಳಗಿಸಿಕೊಂಡವು. ಕಾಯಿಸಿದ ಉಕ್ಕನ್ನು ಎರಡು ಅಚ್ಚುಗಳ ನಡುವೆ ಇಟ್ಟು, ಮೇಲಿಂದ ಭಾರದ ಸುತ್ತಿಗೆ ಬೀಳಿಸಿ ಆಕಾರ ಕೊಡುವುದೇ ಡ್ರಾಪ್ ಫೋರ್ಜಿಂಗ್. ಪಾನಾಗೆ ಬೇಕಾದ ಕೆಲಸವೂ ಇದೇ. ಯುದ್ಧ ಇದ್ದಾಗ ಬಂದೂಕಿಗೆ ಬೇಡಿಕೆ. ಯುದ್ಧ ಮುಗಿದ ಮೇಲೆ ಯಂತ್ರಗಳೂ ಕೆಲಸಗಾರರೂ ಸುಮ್ನೆ ಕೂರಬೇಕು. ಹಾಗಾಗಿ ಸೈಕಲ್, ಹೊಲಿಗೆ ಯಂತ್ರ, ಪಾನಾ ಅಂತ ಬೇರೆ ದಾರಿ ಹಿಡಿದರು.

ಅವು ನಮ್ಮ ಕಡೆಗೆ ಬಂದ ದಾರಿಯೂ ನಿಗೂಢವೇನಲ್ಲ. ಸೈಕಲ್ ಸೀಟಿನ ಹಿಂದಿನ ಚೀಲದಲ್ಲಿ ಬಂದವು. ಬಾವಿಯ ಆಯಿಲ್ ಇಂಜಿನ್ ಜೊತೆ ಬಂದವು. ವಾಡಿ ಜಂಕ್ಷನ್ನಿನ ರೈಲ್ವೆ ಕೆಲಸಗಾರರ ಮನೆಗೆ ಬಂದವು. ಹತ್ತಿ ಮಿಲ್ಲು, ಸಿಮೆಂಟ್ ಕಾರ್ಖಾನೆಗಳ ಫಿಟ್ಟರ್‌ಗಳ ಪೆಟ್ಟಿಗೆಯಲ್ಲಿ ಉಳಿದವು. ಕೊನೆಗೆ ಗುಜರಿ ಅಂಗಡಿ ಸೇರಿದವು.

ಏನೇನು ಬೇಕು?

ಮೆತ್ತಗಿನ ಹಲ್ಲುಜ್ಜುವ ಬ್ರಷ್, ಸ್ವಲ್ಪ ಸೀಮೆ ಎಣ್ಣೆ ಅಥವಾ ಡೀಸೆಲ್, ಹಳೆ ಹತ್ತಿ ಬಟ್ಟೆ, ಸೀಮೆಸುಣ್ಣ, ತೆಳು ಕಾಗದ, ಪೆನ್ಸಿಲ್, ಮೊಬೈಲ್ ಟಾರ್ಚ್, ಒಂದು ಭೂತಗನ್ನಡಿ. ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಇಂಚು ಮತ್ತು ಮಿಲಿಮೀಟರ್ ಎರಡೂ ಇರುವ ಸ್ಟೀಲ್ ಪಟ್ಟಿ ಸಾಕು.

ಗ್ರೈಂಡರ್ ಬೇಡ. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಅದು ಇದಾಗಿರಲಿ.

ಹಂತ 1: ಓದುವ ತನಕ ಉಜ್ಜಬೇಡಿ

ಪಾನಾ ಮೇಲಿನ ಅಕ್ಷರಗಳು ತುಂಬಾ ಆಳ ಇರುವುದಿಲ್ಲ. ನೂರು ವರ್ಷದ ಜಂಗು ಈಗಾಗಲೇ ಅದರಲ್ಲಿ ಒಂದಿಷ್ಟು ತಿಂದಿರುತ್ತದೆ. ಉಳಿದದ್ದನ್ನು ತಂತಿ ಬ್ರಷ್ ಹಾಕಿದ ಗ್ರೈಂಡರ್ ಅರ್ಧ ನಿಮಿಷದಲ್ಲಿ ಮುಗಿಸುತ್ತದೆ. ನನ್ನ ಕೈಗೆ ಬಂದ ಒಂದು ಪಾನಾ ಕನ್ನಡಿ ಹಾಗೆ ಹೊಳೆಯುತ್ತಿತ್ತು. ತಂದವರು ಪ್ರೀತಿಯಿಂದಲೇ ಪಾಲಿಶ್ ಮಾಡಿಸಿದ್ದರು. ಅದರ ಮೇಲೆ ಉಳಿದಿದ್ದು ಒಂದು "ಎ" ಅಕ್ಷರ ಮಾತ್ರ. ಅದು ಯಾರದು ಅಂತ ಇನ್ನು ಯಾರೂ ಹೇಳಲಾರರು.

ಹುಣಸೆ ನೀರಲ್ಲಿ ನೆನೆಸುವುದೂ ಬೇಡ. ಹಿತ್ತಾಳೆ ಚೊಂಬಿಗೆ ಅದು ಸರಿ. ಉಕ್ಕಿನ ಮೇಲೆ ರಾತ್ರಿಯಿಡೀ ಬಿಟ್ಟರೆ ಹುಳಿ ಲೋಹವನ್ನೂ ತಿನ್ನುತ್ತದೆ, ಅಕ್ಷರದ ಅಂಚೂ ಮೊಂಡಾಗುತ್ತದೆ. ಬ್ಯಾಟರಿ ಆಸಿಡ್ ಅಂತೂ ಪಾನಾಗೂ ಕೆಟ್ಟದ್ದು, ನಿಮ್ಮ ಕಣ್ಣಿಗೂ ಕೆಟ್ಟದ್ದು.

ಮಾಡಬೇಕಾದದ್ದು ಇಷ್ಟೇ. ಸೀಮೆ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮೆತ್ತಗಿನ ಬ್ರಷ್‌ನಿಂದ ಜಿಡ್ಡು ತೆಗೆಯಿರಿ, ಬಟ್ಟೆಯಲ್ಲಿ ಒರೆಸಿ. ಒಲೆಯಿಂದ, ಬೀಡಿ ಸಿಗರೇಟಿನಿಂದ ದೂರ ಇಟ್ಟುಕೊಳ್ಳಿ.

ಹಂತ 2: ಅಕ್ಷರಗಳನ್ನು ಎಬ್ಬಿಸಿ

ಕತ್ತಲ ಕೋಣೆಯಲ್ಲಿ ಪಾನಾವನ್ನು ಮೇಜಿನ ಮೇಲಿಡಿ. ಟಾರ್ಚನ್ನು ಮೇಲಿಂದ ಬಿಡಬೇಡಿ. ಮೇಜಿನ ಮಟ್ಟದಲ್ಲಿ, ಪಕ್ಕದಿಂದ ಬಿಡಿ. ಅಕ್ಷರದ ಗುಂಡಿಗಳಲ್ಲಿ ನೆರಳು ಕೂರುತ್ತದೆ, ಮುಂಚೆ ಕಾಣದ್ದು ಕಾಣುತ್ತದೆ. ಪಾನಾವನ್ನು ನಿಧಾನವಾಗಿ ಸುತ್ತ ತಿರುಗಿಸುತ್ತಾ ನೋಡಿ. ಒಂದು ಕೋನದಲ್ಲಿ ಕಾಣದ ಅಕ್ಷರ ಇನ್ನೊಂದರಲ್ಲಿ ಕಾಣುತ್ತದೆ.

ಇಷ್ಟಾದರೂ ಸರಿಯಾಗಿ ಓದಲು ಬರಲಿಲ್ಲವೆಂದರೆ ಸೀಮೆಸುಣ್ಣ ಉಜ್ಜಿ, ಬೆರಳಿಂದ ಮೇಲ್ಮೈ ಒರೆಸಿ. ಪುಡಿ ಅಕ್ಷರದೊಳಗೆ ಬಿಳಿಯಾಗಿ ಉಳಿಯುತ್ತದೆ. ಇನ್ನೊಂದು ಉಪಾಯ, ತೆಳು ಕಾಗದ ಇಟ್ಟು ಪೆನ್ಸಿಲ್ ಅಡ್ಡ ಮಾಡಿ ತಿಕ್ಕುವುದು. ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ಮಾಡುತ್ತಿದ್ದೆವಲ್ಲ, ಹಾಗೆಯೇ.

ಎಲ್ಲಿ ಹುಡುಕಬೇಕು? ಹಿಡಿಯ ಎರಡೂ ಮೈ, ತಲೆಯ ಎರಡೂ ಮೈ, ಹಿಡಿಯ ತುದಿ, ಕೊನೆಗೆ ಓಡಾಡುವ ಬಾಯಿಯ ಮರೆ. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಬಾಯಿಯನ್ನು ಪೂರ್ತಿ ತೆರೆದು ಅದರ ಹಿಂದಿನ ಜಾಗ ನೋಡಿ. ಉಜ್ಜಾಟ ತಗುಲದ ಜಾಗ ಅದು, ಅಕ್ಷರ ಇದ್ದರೆ ಚೆನ್ನಾಗಿ ಉಳಿದಿರುತ್ತದೆ. ಬಾಯಿಯ ಮೇಲೂ ಹಿಡಿಯ ಮೇಲೂ ಒಂದೇ ಸಣ್ಣ ಅಂಕಿ ಇದ್ದರೆ ಅವೆರಡನ್ನೂ ಜೋಡಿಯಾಗಿ ಕೂರಿಸಿದ್ದಾರೆ ಅಂತ ಅರ್ಥ. ಬಂದೂಕಿನ ಭಾಗಗಳಿಗೂ ಹೀಗೇ ಅಂಕಿ ಹಾಕುವ ರೂಢಿ ಇತ್ತು.

ಕಂಡದ್ದನ್ನು ಕಂಡ ಹಾಗೇ ಬರೆದುಕೊಳ್ಳಿ. ಚುಕ್ಕೆ ಇದ್ದರೆ ಚುಕ್ಕೆ ಸಮೇತ. ಅಳಿಸಿದ ಅಕ್ಷರದ ಜಾಗದಲ್ಲಿ ಗೆರೆ ಹಾಕಿ. ಊಹಿಸಿ ತುಂಬಬೇಡಿ. "ಇದು ಅಮೆರಿಕದ ಬಂದೂಕು ಕಂಪನಿ ವಿಂಚೆಸ್ಟರ್‌ದೇ ಇರಬೇಕು" ಅಂದುಕೊಂಡು ನೋಡಿದರೆ ಜಂಗಿನ ಕಲೆಯಲ್ಲೂ ವಿಂಚೆಸ್ಟರ್ ಕಾಣುತ್ತದೆ.

ಹಂತ 3: ಮಾಡಿದವರ ಗುರುತೋ, ಇಟ್ಟುಕೊಂಡವರ ಗುರುತೋ?

ನಮ್ಮ ಭಾಗದಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ಪಾನಾ ಮೇಲಿನ ಪ್ರತಿ ಅಕ್ಷರವೂ ಕಂಪನಿ ಹೆಸರಲ್ಲ. ಪಾತ್ರೆ ಮೇಲೆ ಮನೆಯವರ ಹೆಸರು ಹಾಕಿಸುತ್ತೇವೆ, ಅಲ್ವಾ? ಅದು ಪಾತ್ರೆ ಮಾಡಿದವರ ಹೆಸರಲ್ಲ. ಇಲ್ಲೂ ಹಾಗೆಯೇ.

"ಜಿ.ಐ.ಪಿ.ಆರ್" ಅಂತ ಇದ್ದರೆ ಅದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ. ಸೊಲ್ಲಾಪುರದಿಂದ ಕಲಬುರಗಿ, ಶಹಾಬಾದ್, ವಾಡಿ ಮೂಲಕ ಹಾದುಹೋದ ಮಾರ್ಗ ಅವರದು. "ಎನ್.ಜಿ.ಎಸ್.ಆರ್" ಅಂದರೆ ನಿಜಾಮರ ಗ್ಯಾರಂಟೀಡ್ ಸ್ಟೇಟ್ ರೈಲ್ವೆ. ವಾಡಿಯಿಂದ ಹೈದರಾಬಾದ್ ಕಡೆಗೆ 1874ರಲ್ಲಿ ಶುರುವಾದ ಮಾರ್ಗದ ಕಂಪನಿ. 1930ರಲ್ಲಿ ನಿಜಾಮ್ ಸರ್ಕಾರ ಅದನ್ನು ತಾನೇ ವಹಿಸಿಕೊಂಡಿತು. ಆಮೇಲೆ "ಗ್ಯಾರಂಟೀಡ್" ಬಿಟ್ಟು ನಿಜಾಮ್ ಸ್ಟೇಟ್ ರೈಲ್ವೆ ಆಯಿತು. 1951ರಲ್ಲಿ ಇವೆಲ್ಲ ಸೇರಿ ಸೆಂಟ್ರಲ್ ರೈಲ್ವೆ ಆಯಿತು. ಅಂದರೆ ಈ ಗುರುತುಗಳು ಪಾನಾ ಮಾಡಿದವರನ್ನು ಹೇಳುವುದಿಲ್ಲ. ಆದರೆ ಕಾಲವನ್ನು ಚೆನ್ನಾಗಿ ಹೇಳುತ್ತವೆ. ಜಿ.ಐ.ಪಿ.ಆರ್ ಅಂತ ಇದ್ದರೆ ಪಾನಾ 1951ಕ್ಕಿಂತ ಹಳೆಯದು ಅಂತ ನಂಬಬಹುದು.

ಕೋಳಿ ಹೆಜ್ಜೆಯ ಹಾಗೆ ಮೂರು ಗೆರೆ ಸೇರಿದ ಬಾಣದ ಗುರುತು ಕಂಡರೆ ಅದು ಬ್ರಿಟಿಷ್ ಸರ್ಕಾರದ ಆಸ್ತಿ ಅನ್ನುವ ಗುರುತು. ಇದನ್ನು ನೋಡಿ "ಬಂದೂಕು ಕಾರ್ಖಾನೆಯದು" ಅಂತ ತೀರ್ಮಾನಿಸುವವರು ತುಂಬಾ ಜನ. ಸರ್ಕಾರ ಸಾವಿರ ಕಡೆಯಿಂದ ಸಾಮಾನು ಕೊಳ್ಳುತ್ತಿತ್ತು. ಟೆಂಟಿನ ಗೂಟದ ಮೇಲೂ ಆ ಬಾಣ ಇರುತ್ತಿತ್ತು.

ಹಂತ 4: ಹೆಸರು ಸಿಕ್ಕಿತು, ಯಾವ ಮನೆತನ?

ನಮ್ಮ ಕಡೆ ಸಿಗಬಹುದಾದ ಹೆಸರುಗಳನ್ನು ಒಂದೊಂದಾಗಿ ನೋಡೋಣ.

ಬಿ.ಎಸ್.ಎ: ಮೂರು ಬಂದೂಕುಗಳನ್ನು ಜೋಳದ ದಂಟಿನ ಗೂಡಿನ ಹಾಗೆ ಒಂದಕ್ಕೊಂದು ಆನಿಸಿ ನಿಲ್ಲಿಸಿದ ಚಿತ್ರ ಇವರದು. ಪೂರ್ತಿ ಹೆಸರು ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರಿನ ಬಂದೂಕು ಕಸುಬಿನವರು ಸೇರಿ 1861ರಲ್ಲಿ ಕಟ್ಟಿದ ಕಂಪನಿ. ಮುಂದೆ ಸೈಕಲ್, ಆಮೇಲೆ ಮೋಟಾರ್ ಸೈಕಲ್ ಮಾಡಿದರು. ಸೈಕಲ್ ಜೊತೆ ಕೊಡುವ ಗಿಡ್ಡ ಪಾನಾ ಮೇಲೆ ಈ ಗುರುತು ಇರುತ್ತದೆ. ನೀವು ಕೇಳುವ "ಮೂರು ಬಂದೂಕಿನ ಪಾನಾ" ಹೆಚ್ಚಾಗಿ ಇದೇ. ಮಿಲಿಟರಿಯದಲ್ಲ, ಸೈಕಲ್‌ದು. ಒಂದು ಎಚ್ಚರಿಕೆ: 1957ರಲ್ಲಿ ಇವರ ಸೈಕಲ್ ವಿಭಾಗ ರ್‍ಯಾಲಿ ಕಂಪನಿಗೆ ಹೋಯಿತು. ನಮ್ಮ ದೇಶದಲ್ಲಿ ಟಿ.ಐ. ಸೈಕಲ್ಸ್‌ನವರು ಮಾರಿದ ಬಿ.ಎಸ್.ಎ ಸೈಕಲ್‌ಗಳನ್ನು ನೀವೇ ಓಡಿಸಿರುತ್ತೀರಿ. ಹೆಸರು ಒಂದೇ, ಆದರೆ ಅದು ಬಂದೂಕು ಕಾರ್ಖಾನೆಯ ಸಾಮಾನಲ್ಲ.

ಕಿಂಗ್ ಡಿಕ್: ಇದರ ಮೇಲೆ ಬಂದೂಕು ಇಲ್ಲ, ಬುಲ್‌ಡಾಗ್ ನಾಯಿ ಇದೆ. ಆದರೂ ಮೂಲ ಬಂದೂಕಿನದೇ. 1856ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಬಂದೂಕು ಕಸುಬಿನಿಂದ ಹುಟ್ಟಿದ ಅಬಿಂಗ್ಡನ್ ಕಂಪನಿಯ ಪಾನಾ ಇದು. ಹಳೆ ಮೆಕ್ಯಾನಿಕ್‌ಗಳು ಈ ಹೆಸರು ಕೇಳಿದರೆ ಮುಖ ಅರಳಿಸುತ್ತಾರೆ. ಚಿತ್ರದಲ್ಲಿ ಬಂದೂಕು ಇಲ್ಲ ಅಂತ ಜನ ಇದನ್ನು ಮೂಲೆಗೆ ಎಸೆಯುವುದು ನೋಡಿದರೆ ನನಗೆ ಬೇಸರವಾಗುತ್ತದೆ.

ಬಿಲ್ಲಿಂಗ್ಸ್ ಅಂಡ್ ಸ್ಪೆನ್ಸರ್: ಅಮೆರಿಕದ ಹಾರ್ಟ್‌ಫರ್ಡ್ ಊರಿನವರು. ತ್ರಿಕೋನದೊಳಗೆ ಇಂಗ್ಲಿಷಿನ "ಬಿ" ಅಕ್ಷರ ಇವರ ಗುರುತು. ಸ್ಪೆನ್ಸರ್ ಅಂದರೆ ಅಮೆರಿಕದ ಅಂತರ್ಯುದ್ಧದಲ್ಲಿ ಹೆಸರಾದ ಸ್ಪೆನ್ಸರ್ ರೈಫಲ್ ಕಂಡುಹಿಡಿದ ಕ್ರಿಸ್ಟೋಫರ್ ಸ್ಪೆನ್ಸರ್. ಬಿಲ್ಲಿಂಗ್ಸ್ ಕೋಲ್ಟ್ ಮತ್ತು ರೆಮಿಂಗ್ಟನ್ ಬಂದೂಕು ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರು. ಡ್ರಾಪ್ ಫೋರ್ಜಿಂಗ್ ಅನ್ನು ಬಂದೂಕಿನಿಂದ ಪಾನಾಗೆ ತಂದವರಲ್ಲಿ ಇವರು ಮುಖ್ಯರು. ಇವರ ಪುಟ್ಟ ಸೈಕಲ್ ಪಾನಾ ಕೈಯಲ್ಲಿ ಹಿಡಿದರೆ ಗಡಿಯಾರದ ಭಾಗ ಹಿಡಿದ ಹಾಗೆ ಅನಿಸುತ್ತದೆ.

ವಿಂಚೆಸ್ಟರ್: ಅಮೆರಿಕದ ದೊಡ್ಡ ರೈಫಲ್ ಕಂಪನಿ. ಮೊದಲನೇ ಮಹಾಯುದ್ಧ ಮುಗಿದ ಮೇಲೆ ಖಾಲಿ ಉಳಿದ ಕಾರ್ಖಾನೆ ತುಂಬಲು ಪಾನಾ, ಸುತ್ತಿಗೆ, ಕೊಡಲಿಗಳನ್ನೆಲ್ಲ ಮಾರಲು ಹೊರಟಿತು. 1922ರಲ್ಲಿ ಸಿಮನ್ಸ್ ಅನ್ನುವ ಹಾರ್ಡ್‌ವೇರ್ ಕಂಪನಿಯೊಂದಿಗೆ ಕೂಡಿತು, 1929ರಲ್ಲಿ ಬೇರೆಯಾಯಿತು. ಹತ್ತು ವರ್ಷದ ಆಟ ಅಷ್ಟೇ. ಹಾಗಾಗಿ ಸಂಗ್ರಹಿಸುವವರಿಗೆ ಇದರ ಮೇಲೆ ಆಸೆ ಜಾಸ್ತಿ. ಆಸೆ ಇದ್ದಲ್ಲಿ ನಕಲಿಯೂ ಇರುತ್ತದೆ. ಅದಕ್ಕೆ ಆರನೇ ಹಂತ ಬಿಡದೆ ಓದಿ.

ಇನ್ನು ದಾರಿ ತಪ್ಪಿಸುವ ಎರಡು ಹೆಸರು. ಒಂದು, ರಾಯಲ್ ಎನ್‌ಫೀಲ್ಡ್. ಇವರ ಗುರುತು ತೋಪು, ಘೋಷಣೆ "ಬಂದೂಕಿನ ಹಾಗೆ ಮಾಡಿದ್ದು". ಇಂಗ್ಲೆಂಡಿನ ಎನ್‌ಫೀಲ್ಡ್ ಸರ್ಕಾರಿ ರೈಫಲ್ ಕಾರ್ಖಾನೆಗೆ ಭಾಗಗಳನ್ನು ಮಾಡಿಕೊಟ್ಟ ನೆನಪಿಗೆ ಆ ಹೆಸರು ಬಂತು. ಇವರ ಮುಖ್ಯ ಕಸುಬು ಸೈಕಲ್ ಮತ್ತು ಮೋಟಾರ್ ಸೈಕಲ್. ಇವರ ಬುಲೆಟ್ ಬೈಕಿನ ಟೂಲ್ ಕಿಟ್ಟಿನ ಪಾನಾವನ್ನು ಬಂದೂಕು ಕಂಪನಿಯದು ಅನ್ನಲು ಬರುವುದಿಲ್ಲ. ಎರಡನೆಯದು ಮಾಸ್‌ಬರ್ಗ್. ಹಳೆ ಮಾಸ್‌ಬರ್ಗ್ ಪಾನಾಗಳು ಅಮೆರಿಕದ ಆಟಲ್‌ಬರೋ ಊರಿನ ಫ್ರಾಂಕ್ ಮಾಸ್‌ಬರ್ಗ್ ಕಂಪನಿಯವು. 1919ರಲ್ಲಿ ಶುರುವಾದ ಮಾಸ್‌ಬರ್ಗ್ ಬಂದೂಕು ಕಂಪನಿ ಬೇರೆ. ಅಡ್ಡಹೆಸರು ಒಂದೇ ಆದ ಮಾತ್ರಕ್ಕೆ ಮನೆ ಒಂದೇ ಆಗುವುದಿಲ್ಲ.

ಹಂತ 5: ಅಂಕಿ ಮತ್ತು ತಾರೀಖಿನಿಂದ ಕಾಲ ಹಿಡಿಯಿರಿ

ಹೆಸರು ಅಳಿಸಿದ್ದರೂ ಅಂಕಿ ಉಳಿದಿದ್ದರೆ ದಾರಿ ಇದೆ. ಪೇಟೆಂಟ್ ಅಂದರೆ ಹೊಸ ವಿನ್ಯಾಸವನ್ನು ಬೇರೆಯವರು ನಕಲು ಮಾಡದಂತೆ ಸರ್ಕಾರ ಕೊಡುವ ಹಕ್ಕು. ಆ ಅಂಕಿಯನ್ನು ಸಾಮಾನಿನ ಮೇಲೆ ಹೊಡೆಯುತ್ತಿದ್ದರು.

ಅಮೆರಿಕದ ಹಳೆ ಪಾನಾಗಳಲ್ಲಿ ಅಂಕಿಗಿಂತ ತಾರೀಖೇ ಜಾಸ್ತಿ. ಇಲ್ಲೊಂದು ಸೊಗಸಾದ ಪರೀಕ್ಷೆ ಇದೆ. ಅಮೆರಿಕದಲ್ಲಿ ಪೇಟೆಂಟ್‌ಗಳನ್ನು ಮಂಗಳವಾರವೇ ಕೊಡುವ ರೂಢಿ. ಬಿಲ್ಲಿಂಗ್ಸ್ ಪಾನಾ ಮೇಲೆ 1879ರ ಫೆಬ್ರವರಿ 18 ಅಂತ ಇರುತ್ತದೆ. ಮೊಬೈಲಿನ ಕ್ಯಾಲೆಂಡರ್ ಹಿಂದಕ್ಕೆ ಸರಿಸಿ ನೋಡಿ, ಅದು ಮಂಗಳವಾರ. ನೀವು ಓದಿದ ತಾರೀಖು ಗುರುವಾರಕ್ಕೋ ಭಾನುವಾರಕ್ಕೋ ಬಂದರೆ ಒಂದು ಅಂಕಿಯನ್ನು ತಪ್ಪು ಓದಿದ್ದೀರಿ. ಮೂರು ಎಂಟಾಗಿರಬಹುದು, ಒಂದು ಏಳಾಗಿರಬಹುದು. ಮತ್ತೆ ಟಾರ್ಚ್ ಹಿಡಿಯಿರಿ. ಪೇಟೆಂಟ್ ಅಂಕಿಯೇ ಇದ್ದರೆ ಹೀಗೆ ಅಂದಾಜು ಮಾಡಿ: 1900ರ ಶುರುವಿನಲ್ಲಿ ಅಮೆರಿಕದ ಸರಣಿ ಸುಮಾರು 6,40,000ದಲ್ಲಿತ್ತು, 1911ರಲ್ಲಿ ಹತ್ತು ಲಕ್ಷ ಮುಟ್ಟಿತು, 1935ರಲ್ಲಿ ಇಪ್ಪತ್ತು ಲಕ್ಷ.

ಬ್ರಿಟಿಷ್ ಲೆಕ್ಕ ಬೇರೆ. 1915ರವರೆಗೆ ಪ್ರತಿ ವರ್ಷ ಒಂದರಿಂದ ಎಣಿಕೆ ಶುರು. ಹಾಗಾಗಿ ಅಂಕಿಯ ಪಕ್ಕ ವರ್ಷ ಇಲ್ಲದಿದ್ದರೆ ಅದರಿಂದ ಕಾಲ ತಿಳಿಯುವುದಿಲ್ಲ. 1916ರಿಂದ 1,00,001 ಅಂತ ಒಂದೇ ಸರಣಿ ಮಾಡಿದರು. ಆರಂಕಿ ಬ್ರಿಟಿಷ್ ಪೇಟೆಂಟ್ ಕಂಡರೆ ಅದು 1916 ಅಥವಾ ಆಮೇಲಿನದು. "ರೆಜಿಸ್ಟರ್ಡ್ ಡಿಸೈನ್" ಅಂಕಿ ಮತ್ತೊಂದು ಬಗೆ. ಅದು ಆಕಾರಕ್ಕೆ ಸಿಕ್ಕ ಹಕ್ಕು, 1884ರಲ್ಲಿ ಒಂದರಿಂದ ಶುರುವಾಗಿ 1900ರ ಹೊತ್ತಿಗೆ ಮೂರೂವರೆ ಲಕ್ಷ ದಾಟಿತ್ತು. ಈ ಎರಡನ್ನೂ ಕಲಸಿಕೊಂಡರೆ ಎಷ್ಟೋ ವರ್ಷ ಹಿಂದೆ ಮುಂದೆ ಆಗುತ್ತದೆ. "ಡಿ.ಆರ್.ಜಿ.ಎಂ" ಅಂತ ಇದ್ದರೆ ಅದು ಕಂಪನಿ ಹೆಸರಲ್ಲ. 1891ರಿಂದ ಜರ್ಮನಿಯಲ್ಲಿ ಚಾಲ್ತಿಗೆ ಬಂದ ಸಣ್ಣ ಪೇಟೆಂಟ್ ಗುರುತು.

ಅಂಕಿ ಸಿಕ್ಕ ಮೇಲೆ ಗೂಗಲ್ ಪೇಟೆಂಟ್ಸ್‌ನಲ್ಲಿ ಹಾಕಿ ಮೂಲ ಚಿತ್ರ ನೋಡಿ. ದುಡ್ಡು ಕೊಡಬೇಕಿಲ್ಲ. ಅಮೆರಿಕದ ಉಪಕರಣಗಳಿಗೆ ಡೇಟಾಂಪ್ ಅನ್ನುವ ಪಟ್ಟಿಯಲ್ಲಿ ತಾರೀಖಿನಿಂದಲೂ ಹುಡುಕಬಹುದು. ಬ್ರಿಟಿಷ್ ಕಂಪನಿಗಳ ಚರಿತ್ರೆಗೆ ಗ್ರೇಸಸ್ ಗೈಡ್ ನೋಡಿ. ಚಿತ್ರದಲ್ಲಿರುವ ರೋಲರ್, ತಿರುಪು, ಬಾಯಿ ನಿಮ್ಮ ಪಾನಾದ್ದಕ್ಕೆ ಹೊಂದಬೇಕು. ಪೇಟೆಂಟ್ ತಾರೀಖು ಪಾನಾ ಹುಟ್ಟಿದ ತಾರೀಖಲ್ಲ, ಇದನ್ನು ಮರೆಯಬೇಡಿ. ಅದೇ ತಾರೀಖು ಹೊಡೆದು ಮುಂದೆ ಎಷ್ಟೋ ವರ್ಷ ಮಾಡುತ್ತಿದ್ದರು.

ಹಂತ 6: ಮೈ ನೋಡಿ, ಹೆಸರನ್ನಷ್ಟೇ ನಂಬಬೇಡಿ

ಪಾನಾದ ಅಂಚಿನ ಉದ್ದಕ್ಕೂ ಬೆರಳಾಡಿಸಿ. ಡ್ರಾಪ್ ಫೋರ್ಜ್ ಆಗಿದ್ದರೆ ಎರಡು ಅಚ್ಚು ಸೇರಿದ ಜಾಗದಲ್ಲಿ ಹೊರಚೆಲ್ಲಿದ ಲೋಹವನ್ನು ಕತ್ತರಿಸಿದ ಅಗಲ ಪಟ್ಟಿಯಂಥ ಗುರುತು ಸಿಗುತ್ತದೆ. ಎರಕ ಹೊಯ್ದದ್ದಾದರೆ ಗೆರೆ ಸಣ್ಣಗಿರುತ್ತದೆ, ಮೈ ಮರಳು ಮರಳಾಗಿರುತ್ತದೆ. ದಾರ ಕಟ್ಟಿ ತೂಗುಬಿಟ್ಟು ಇನ್ನೊಂದು ಪಾನಾದಿಂದ ಮೆಲ್ಲಗೆ ತಟ್ಟಿ. ಉಕ್ಕು ಗಂಟೆಯ ಹಾಗೆ ಗುಂಯ್ ಅನ್ನುತ್ತದೆ, ಬೀಡು, ಅಂದರೆ ಎರಕದ ಕಬ್ಬಿಣ, ಟಕ್ ಅಂತ ಸುಮ್ಮನಾಗುತ್ತದೆ. ಮೇಲೆ ಹೇಳಿದ ಕಂಪನಿಗಳು ಒಳ್ಳೆ ಫೋರ್ಜಿಂಗ್‌ಗೆ ಹೆಸರಾದವರು. ದೊರಗು ಎರಕದ ಮೇಲೆ ಅವರ ಹೆಸರು ಕಂಡರೆ ಅನುಮಾನ ಪಡಿ.

ಈಗ ನಕಲಿ ಅಚ್ಚಿನ ವಿಷಯ. ಹಳೆ ಸಾದಾ ಪಾನಾ ತಂದು ಅದರ ಮೇಲೆ ವಿಂಚೆಸ್ಟರ್ ಅಂತ ಹೊಸದಾಗಿ ಹೊಡೆಯುತ್ತಾರೆ. ಭೂತಗನ್ನಡಿಯಲ್ಲಿ ಅಕ್ಷರದ ಒಳಗೆ ನೋಡಿ. ಜಂಗಿನ ಗುಳಿಗಳು ಅಕ್ಷರದ ಒಳಗೂ ಹೊರಗೂ ಒಂದೇ ಥರ ಹರಡಿದ್ದರೆ ಅಕ್ಷರ ಜಂಗಿಗಿಂತ ಹಳೆಯದು, ಅದು ಸರಿ. ಸುತ್ತೆಲ್ಲ ಗುಳಿ ಇದ್ದು ಅಕ್ಷರದ ತಳ ಮಾತ್ರ ನುಣ್ಣಗೆ, ಅಂಚು ಚೂಪಾಗಿ ಇದ್ದರೆ ಜಂಗು ಹಿಡಿದ ಮೇಲೆ ಹೊಡೆದದ್ದು. ಅಕ್ಷರದ ಸುತ್ತ ಲೋಹ ಉಬ್ಬಿ ನಿಂತಿದ್ದರೂ ಹುಷಾರಾಗಿ. ಕಾರ್ಖಾನೆಯಲ್ಲಿ ಅಚ್ಚು ಹೊಡೆದ ಮೇಲೆ ಮೈ ಸಮ ಮಾಡುವುದರಿಂದ ಆ ಉಬ್ಬು ಸಾಮಾನ್ಯವಾಗಿ ಉಳಿಯುವುದಿಲ್ಲ.

ಜಲಂಧರ, ಲೂಧಿಯಾನಾಗಳಲ್ಲಿ ಪಾನಾ ಮಾಡುವ ಕಾರ್ಖಾನೆಗಳು ತುಂಬಾ ಇವೆ. ವಿದೇಶಿ ಆಕಾರ ನೋಡಿ ಮಾಡಿದ ಪಾನಾಗಳೂ ಮಾರುಕಟ್ಟೆಯಲ್ಲಿವೆ. ಅದರಲ್ಲಿ ತಪ್ಪೇನಿಲ್ಲ, ಕೆಲಸಕ್ಕೆ ಚೆನ್ನಾಗಿಯೇ ಬರುತ್ತವೆ. "ಇಂಡಿಯಾ" ಅನ್ನುವ ಸಣ್ಣ ಅಚ್ಚು ಹಿಡಿಯ ಮೇಲೆ ಇದೆಯಾ ನೋಡಿ ಸಾಕು.

ಹಂತ 7: ಅಳತೆ

ಒಟ್ಟು ಉದ್ದ, ಬಾಯಿ ಪೂರ್ತಿ ತೆರೆದಾಗಿನ ಅಗಲ, ತಲೆಯ ದಪ್ಪ ಬರೆದುಕೊಳ್ಳಿ. ಉದ್ದ ಸರಿಯಾಗಿ 4, 6, 8 ಇಂಚಿಗೆ ಬಂದರೆ ಬ್ರಿಟಿಷ್ ಅಥವಾ ಅಮೆರಿಕನ್ ಕಡೆ ವಾಲಬಹುದು. ಬಾಯಿ ಹಿಡಿಗೆ ನೇರ ಅಡ್ಡಲಾಗಿದೆಯೋ ಓರೆಯಾಗಿದೆಯೋ ಅದನ್ನೂ ಬರೆಯಿರಿ. ಇವತ್ತು ಎಲ್ಲ ಅಂಗಡಿಯಲ್ಲೂ ಸಿಗುವ ಓರೆ ಬಾಯಿಯ ಪಾನಾ ಸ್ವೀಡನ್ನಿನ ಯೋಹಾನ್ಸನ್ 1892ರ ಸುಮಾರಿಗೆ ಪೇಟೆಂಟ್ ಪಡೆದ ವಿನ್ಯಾಸದ ದಾರಿಯಲ್ಲಿ ಬಂದದ್ದು. ಅಮೆರಿಕದಲ್ಲಿ ಅದನ್ನು 1907ರಲ್ಲಿ ಶುರುವಾದ ಕ್ರೆಸೆಂಟ್ ಕಂಪನಿ ಮನೆಮಾತು ಮಾಡಿತು. ಆ ಆಕಾರದ್ದನ್ನು ಯಾರಾದರೂ "1860ರದು" ಅಂತ ಮಾರಲು ಬಂದರೆ ದುಡ್ಡು ಒಳಗೇ ಇಡಿ.

ಹಂತ 8: ಮಾರುವ, ಕೊಳ್ಳುವ ಮುನ್ನ

ಪಾನಾ ಆಯುಧವಲ್ಲ, ಅದಕ್ಕೆ ಲೈಸೆನ್ಸ್ ಬೇಕಿಲ್ಲ. ಆದರೆ ಅದೇ ಪೆಟ್ಟಿಗೆಯಲ್ಲಿ ಬಂದೂಕಿನ ನಳಿಗೆ, ಕುದುರೆ ಅಥವಾ ತೋಟಾ ಸಿಕ್ಕರೆ ಅದನ್ನು ಮುಟ್ಟಿ ಆಡಬೇಡಿ, ಗುಜರಿಗೂ ಹಾಕಬೇಡಿ. 1959ರ ಆಯುಧ ಕಾನೂನಿನಲ್ಲಿ ಬಂದೂಕಿನ ಭಾಗಗಳೂ ಆಯುಧವೇ. ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ. ನೂರು ವರ್ಷ ದಾಟಿದ ವಸ್ತುವನ್ನು ಹೊರದೇಶಕ್ಕೆ ಕಳಿಸುವ ಯೋಚನೆ ಇದ್ದರೆ 1972ರ ಪ್ರಾಚೀನ ವಸ್ತುಗಳ ಕಾನೂನು ಅನ್ವಯಿಸುತ್ತದಾ ಅಂತ ಪುರಾತತ್ವ ಇಲಾಖೆಯಲ್ಲಿ ಮೊದಲು ಕೇಳಿಕೊಳ್ಳಿ.

ಬೆಲೆ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಬಿ.ಎಸ್.ಎ ಸೈಕಲ್ ಪಾನಾ ಅಪರೂಪದ್ದಲ್ಲ, ಸೈಕಲ್ ಜೊತೆ ಲೆಕ್ಕವಿಲ್ಲದಷ್ಟು ಬಂದಿವೆ. "ಬಂದೂಕು ಕಂಪನಿ" ಅನ್ನುವ ಎರಡು ಪದಕ್ಕೆ ಹತ್ತು ಪಟ್ಟು ದುಡ್ಡು ಕೊಡಬೇಡಿ. ಮನೆಯದ್ದೇ ಆಗಿದ್ದರೆ ಮಾರದೆ ಇಟ್ಟುಕೊಳ್ಳಿ.

ಹಂತ 9: ಎತ್ತಿಡುವುದು

ಗುರುತು ಪತ್ತೆಯಾದ ಮೇಲೂ ಗ್ರೈಂಡರ್ ಕಡೆ ಹೋಗಬೇಡಿ. ಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ರೋಲರ್‌ಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ನಮ್ಮ ಬಿಸಿಲಲ್ಲಿ ಬೇಸಿಗೆಯ ಚಿಂತೆ ಇಲ್ಲ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ನೋಡಿದರೆ ಸಾಕು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಡಬೇಡಿ, ಒಳಗೆ ಬೆವರು ಕಟ್ಟಿ ಜಂಗು ಹಿಡಿಯುತ್ತದೆ.

ಒಂದು ಚೀಟಿಯಲ್ಲಿ ಅಳತೆ, ಓದಿದ ಅಕ್ಷರ, ಪಾನಾ ಯಾರದಾಗಿತ್ತು, ಅವರು ಎಲ್ಲಿ ಕೆಲಸ ಮಾಡುತ್ತಿದ್ದರು ಅಂತ ಬರೆಯಿರಿ. ಮನೆಯಲ್ಲಿ ಅಜ್ಜಿಯೋ ಕಾಕಾನೋ ಇದ್ದರೆ ಇವತ್ತೇ ಕೇಳಿ, ಆ ಮಾಹಿತಿ ಯಾವ ಪೇಟೆಂಟ್ ಪಟ್ಟಿಯಲ್ಲೂ ಸಿಗುವುದಿಲ್ಲ. ಚೀಟಿಯನ್ನು ಹತ್ತಿ ದಾರದಲ್ಲಿ ಹಿಡಿಗೆ ಕಟ್ಟಿ. ತಂತಿ ಬೇಡ, ಅಕ್ಷರದ ಮೇಲೆ ಗೀರು ಬೀಳುತ್ತದೆ.